ಅಡಿಕೆ ಸುಲಿಯುವಾಗ ಬಂದ ಮಾತು

ಪ್ರಶ್ನೆ: ನಾನು ಆಲ್ದೂರು ಕಡೆಯವಳು, ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ನಮ್ಮ ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಲೇಡಿ ಡಾಕ್ಟರು ಬರಬೇಕು, ಬಸಿರು ತಡೆಯುವ ಕಾಪರ್‌ಟಿ, ಅಂತರಾ ಇಂಜೆಕ್ಷನ್ ತಪ್ಪದೆ ಸಿಗಬೇಕು ಎಂದು ಗ್ರಾಮಸಭೆಯಲ್ಲಿ ಕೇಳುವ ಆಸೆ. ಮೊದಲು ಹೆಂಗಸರಿಂದಲೇ ಅನುಭವ ಹೇಳಿಸೋಣ ಎಂದು ಸಭೆ ಕರೆದೆವು. ಮೈಕ್ ಇಟ್ಟೆವು, ಟೀ ಕೊಟ್ಟೆವು. ಇಪ್ಪತ್ತು ಜನ ಬಂದರು. ಒಬ್ಬರೂ ಬಾಯಿ ಬಿಡಲಿಲ್ಲ. ಏನು ತಪ್ಪಾಯಿತು?

ಉತ್ತರ: ಟೀ ಸರಿ. ಮೈಕ್ ತಪ್ಪು.

ನಾನು ಕೊಪ್ಪ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಮ್ಮ ಎಂದು ಕರೆಸಿಕೊಂಡು ಓಡಾಡಿದವಳು. ಹೆಂಗಸರು ಇಂಥ ಮಾತು ಆಡಿದ್ದನ್ನು ಸಭೆಯಲ್ಲಿ ಕಂಡಿದ್ದು ಕಡಿಮೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಕಂಡಿದ್ದು ಜಾಸ್ತಿ. ಅಲ್ಲಿ ಎಲ್ಲರ ಕಣ್ಣೂ ಮೆಟ್ಟುಗತ್ತಿಯ ಮೇಲೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ, ನೋಡಿದರೆ ಬೆರಳು ಹೋಗುತ್ತದೆ!

2012ರ ನವೆಂಬರ್. ಸುಲಿತ ಜೋರಾಗಿತ್ತು. ನಮ್ಮ ಕರ್ನಾಟಕದ ಹುಡುಗಿ ಸವಿತಾ ಹಾಲಪ್ಪನವರ್ ಐರ್ಲೆಂಡಿನಲ್ಲಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದಿತ್ತು. ವಯಸ್ಸು 31, ತಾನೇ ಹಲ್ಲಿನ ಡಾಕ್ಟರು, 17 ವಾರದ ಬಸುರಿ. ಮಗು ಉಳಿಯಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿದರೂ ಅಲ್ಲಿನ ಕಾನೂನು ಹೇಳಿ ತೆಗೆಯಲಿಲ್ಲ. ನಂಜೇರಿತು. ಒಬ್ಬ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಸ್ವಲ್ಪ ಹೊತ್ತು ಕತ್ತಿಯ ಸದ್ದು ಮಾತ್ರ. ಆಮೇಲೆ ನಾನು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನುಂಗಿಕೊಂಡಿದ್ದನ್ನು ಹೇಳಿದೆ.

1989ರಲ್ಲಿ ನನ್ನ ಎರಡನೇ ಮಗುವಿಗೆ ಎಂಟು ತಿಂಗಳು. ಮತ್ತೆ ಬಸಿರು ನಿಂತಿತು. ತೆಗೆಸಲು ಒಂದು ಆಸ್ಪತ್ರೆಗೆ ಹೋದೆ. "ಯಜಮಾನರ ಸಹಿ ಬೇಕು" ಎಂದರು. ಹಾಗೆಂದು ನಮ್ಮ ಗರ್ಭಪಾತದ ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ಬಂದ 1971ರಿಂದಲೂ ಇಲ್ಲ. 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆಯೊಂದೇ ಸಾಕು. ನರ್ಸಾದ ನನಗೇ ಅದು ಗೊತ್ತಿತ್ತು, ಆದರೂ ಬಾಯಿ ಬರಲಿಲ್ಲ. ಯಜಮಾನರು ಕೆಲಸದ ಮೇಲೆ ಕೊಡಗಿಗೆ ಹೋಗಿದ್ದರು. ಬಸ್ಸು ಹತ್ತಿ ವಾಪಸ್ ಬಂದೆ. ಆ ಸಹಿಗಾಗಿ ಮೂರು ವಾರ ಕಾದೆ.

ನಾನು ಹೇಳಿದ್ದು ಇಷ್ಟೇ. ಎದುರಿಗಿದ್ದ ಅಜ್ಜಿಯೊಬ್ಬರು ತಲೆ ಎತ್ತದೆ, "ನಂದು ಮೂರು ಬಸಿರು ಮನೇಲೇ ಹೋಯ್ತು, ಆಗ ಬಸ್ಸೂ ಇರ್ಲಿಲ್ಲ" ಎಂದರು. ಡಬ್ಬ ತುಂಬುವಷ್ಟರಲ್ಲಿ ಐದು ಜನ ಮಾತಾಡಿದ್ದರು.

ಆದ್ದರಿಂದ ಮೊದಲು ನಿಮ್ಮದನ್ನು ಹೇಳಿ. ಬೇರೆಯವರನ್ನು ಕೇಳುವುದು ಆಮೇಲೆ. ಅಜ್ಜಿಯರನ್ನು ಮರೆಯಬೇಡಿ, ಅವರು ತಲೆ ಆಡಿಸಿದರೆ ಸೊಸೆಯಂದಿರಿಗೆ ಅರ್ಧ ದಾರಿ ಸಲೀಸು. ಫೋನ್ ಹೊರಗಿರಲಿ.

ಇನ್ನೊಂದು, ಗ್ರಾಮಸಭೆಗೆ ಒಯ್ಯುವಾಗ ಬಸಿರಿನ ಕಥೆಗಿಂತ ದಾರಿಯ ಕಥೆ ಹೇಳಿ. ಎಷ್ಟು ಬಸ್ಸು ಬದಲಿಸಿದಿರಿ, ಎಷ್ಟು ದಿನದ ಕೂಲಿ ಹೋಯಿತು, ಯಾರು ಏನು ಕೇಳಿದರು. ಅಂತರಾ ಮೂರು ತಿಂಗಳಿಗೊಮ್ಮೆ ಹಾಕಿಸಬೇಕಾದ ಇಂಜೆಕ್ಷನ್. ಹೋದ ದಿನ ಸ್ಟಾಕ್ ಇಲ್ಲದಿದ್ದರೆ ಕಾಫಿ ಕುಯ್ಲಿನ ಹೊತ್ತಿನಲ್ಲಿ ಮತ್ತೊಂದು ದಿನ ರಜ ಹಾಕುವವರು ಯಾರು? ಗರ್ಭಪಾತ ಎಂದರೆ ಮುಖ ತಿರುಗಿಸುವ ಗಂಡಸಿಗೂ ತಪ್ಪಿದ ಬಸ್ಸು ಅರ್ಥವಾಗುತ್ತದೆ.

ಹೆಸರು ಬದಲಿಸಿದೆವು, ಸಾಕು ಎಂದುಕೊಳ್ಳಬೇಡಿ. "ಮೂರು ಹೆಣ್ಣುಮಕ್ಕಳ ತಾಯಿ, ಗಂಡ ಜೀಪ್ ಡ್ರೈವರ್" ಎಂದರೆ ನಿಮ್ಮೂರಲ್ಲಿ ಯಾರೆಂದು ಗೊತ್ತಾಗಲ್ವಾ? ಆಸ್ಪತ್ರೆಯವರು ಗುಟ್ಟು ಬಿಟ್ಟರೆ ಒಂದು ವರ್ಷದವರೆಗೆ ಜೈಲಿದೆ. ಊರಿನ ಬಾಯಿಗೆ ಅದೂ ಇಲ್ಲ. ಗ್ರಾಮಸಭೆಯ ಹಿಂದಿನ ದಿನ ಹೇಳಿದವಳನ್ನೇ ಮತ್ತೆ ಕೇಳಿ. ಬೇಡ ಎಂದರೆ ಬೇಡ.

ಅಂದ ಹಾಗೆ, ಐರ್ಲೆಂಡಿನವರು 2018ರ ಮೇ 25ರಂದು ಮತ ಹಾಕಿ ಆ ಕಾನೂನು ತೆಗೆದರು. ನೂರಕ್ಕೆ 66 ಜನ ತೆಗೆಯಿರಿ ಎಂದರು. ಅದಕ್ಕೆ ಮುಂಚೆ ಅಲ್ಲಿನ ಎಷ್ಟೋ ಹೆಂಗಸರು ತಂತಮ್ಮ ಕಥೆ ಹೇಳಿಕೊಂಡಿದ್ದರು. ಸವಿತಾ ತೀರಿಕೊಂಡು ಆಗಲೇ ಐದೂವರೆ ವರ್ಷ ಆಗಿತ್ತು. ನಿಮಗೂ ಒಂದು ಗ್ರಾಮಸಭೆ ಸಾಲದೇ ಹೋಗಬಹುದು.

ಪ್ರಶ್ನೆ: ಮದುವೆಯಾಗದವರಿಗೂ ನಮ್ಮ ಗರ್ಭಪಾತದ ಕಾನೂನು ಇದೆಯೇ? (ಕಡೂರಿನ ಓದುಗಿ)

ಉತ್ತರ: ಇದೆ. 2021ರ ತಿದ್ದುಪಡಿಯಲ್ಲಿ ಗಂಡ ಎಂಬ ಪದ ಹೋಗಿ ಸಂಗಾತಿ ಎಂದಾಯಿತು. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಮಾತ್ರ, ಅದಕ್ಕೆ ಇಬ್ಬರು ಬೇಕು. ಅಲ್ಲೂ ಮದುವೆಯಾಗಿಲ್ಲ ಎಂದು ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. 18 ತುಂಬದಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ತಡ ಮಾಡಬೇಡಿ. ಅಂಗಡಿಯ ಮಾತ್ರೆ ಸುಮ್ನೆ ನುಂಗಬೇಡಿ.

ಪ್ರಶ್ನೆ: ಇಂಥ ಕೂಟಗಳಿಗೆ ಗಂಡಸರು ಬರಬಹುದೇ? (ತರೀಕೆರೆಯ ಓದುಗ)

ಉತ್ತರ: ಬನ್ನಿ. ಮೆಟ್ಟುಗತ್ತಿ ನೀವೇ ತನ್ನಿ. ಮೊದಲ ಡಬ್ಬ ತುಂಬುವವರೆಗೆ ಮಾತಾಡಬೇಡಿ.