ಮಳೆ ಹಿಡಿದರೆ ಯಜಮಾನರಿಗೆ ನಿದ್ರೆಯಿಲ್ಲ

ಪ್ರಶ್ನೆ: ನನ್ನ ಯಜಮಾನರಿಗೆ 52 ವರ್ಷ. 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ನಮ್ಮ ಮನೆಯೂ ಒಂದೂವರೆ ಎಕರೆ ಕಾಫಿ ತೋಟವೂ ಮಣ್ಣುಪಾಲಾದವು. ಪರಿಹಾರ ಕೇಂದ್ರ, ಬಾಡಿಗೆ ಮನೆ ಎಲ್ಲ ಕಳೆದು ಈಗ ಪುನರ್ವಸತಿ ಬಡಾವಣೆಯಲ್ಲಿದ್ದೇವೆ. 2021ರ ಮೇ ತಿಂಗಳಲ್ಲಿ ಅತ್ತೆ ಕೋವಿಡ್‌ನಿಂದ ತೀರಿಕೊಂಡಾಗ ನಾವಿಬ್ಬರೂ ಸೋಂಕಿತರಾಗಿದ್ದುದರಿಂದ ಅವರ ಮುಖವನ್ನೂ ನೋಡಲಾಗಲಿಲ್ಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದರೆ ಇವರು ರಾತ್ರಿಯಿಡೀ ಟಾರ್ಚ್ ಹಿಡಿದು ಹಿತ್ತಿಲ ಬರೆಯನ್ನು ನೋಡುತ್ತ ಕೂರುತ್ತಾರೆ. ಕುಡಿತ ಹೆಚ್ಚಿದೆ. ಅತ್ತೆಯ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಧೈರ್ಯ ತಂದುಕೊಳ್ಳಿ ಎಂದು ಹೇಳಿ ಹೇಳಿ ಸಾಕಾಗಿದೆ. ಇದು ಕಾಯಿಲೆಯೇ?
– ಹೆಸರು ಬೇಡ, ಮಡಿಕೇರಿ ತಾಲ್ಲೂಕು

ಉತ್ತರ: ನೀವು ಬರೆದಿರುವ ಲಕ್ಷಣಗಳು ಚಿಕಿತ್ಸೆ ಬೇಕಾದಂಥವು. ಆದರೆ ಅವು ಧೈರ್ಯದ ಕೊರತೆಯಿಂದ ಬಂದವಲ್ಲ. 2018ರ ಮರುವರ್ಷವೇ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟ್‌ನಲ್ಲಿ, ಕೋವಿಡ್ ನಡುವೆಯೇ, ತಲಕಾವೇರಿಯ ಬ್ರಹ್ಮಗಿರಿ ಜರಿಯಿತು. ಇಷ್ಟನ್ನು ಕಂಡವರಿಗೆ ‘ಏನೂ ಆಗುವುದಿಲ್ಲ’ ಎಂದರೆ ಅವರು ನಂಬಲಾರರು, ನಂಬಬೇಕಾಗಿಯೂ ಇಲ್ಲ. ಎಚ್ಚರ ತಪ್ಪಲ್ಲ. ಆದರೆ ಶೀಟಿನ ಮೇಲೆ ಹನಿ ಬಿದ್ದ ಸದ್ದಿಗೋ ಹಸಿಮಣ್ಣಿನ ವಾಸನೆಗೋ ಆ ರಾತ್ರಿಯೇ ಮತ್ತೆ ಎದುರು ನಿಂತಂತಾಗಿ ಎದೆ ಹೊಡೆದುಕೊಳ್ಳುವುದು, ನಿದ್ರೆ ದೂರವಾಗುವುದು ತಿಂಗಳು ದಾಟಿಯೂ ಮುಂದುವರಿದರೆ ಅದು ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಆಗಿರಬಹುದು. ನೋಡಿ ಖಚಿತಪಡಿಸಬೇಕಾದವರು ಮನೋವೈದ್ಯರು.

ಅತ್ತೆಯವರ ಸಾವಿನ ದುಃಖವನ್ನು ಇದರಿಂದ ಬಿಡಿಸಿ ನೋಡಬೇಕು. ಮನೆ ಹೋದಾಗ ನೀವು ಪರಿಹಾರ ಕೇಂದ್ರದಲ್ಲಿ ಹತ್ತಾರು ಕುಟುಂಬಗಳೊಡನೆ ಮಲಗಿ, ಒಂದೇ ಪಾತ್ರೆಯ ಅನ್ನ ಉಂಡು, ನಡೆದದ್ದನ್ನೇ ಹತ್ತು ಸಲ ಹೇಳಿಕೊಂಡಿರುತ್ತೀರಿ. ಹಾಗೆ ತಾವಾಗಿಯೇ ಹೇಳಿಕೊಳ್ಳುವುದರಿಂದ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಕೋವಿಡ್ ಕಿತ್ತುಕೊಂಡದ್ದು ಆ ಕೂಡುವಿಕೆಯನ್ನೇ. ಹೆತ್ತ ತಾಯಿಗೆ ಹೆಗಲು ಕೊಡಲಾಗದೆ, ಬಂಧುಗಳ ನಡುವೆ ಕುಳಿತು ಅಳಲೂ ಆಗದೆ ಉಳಿದ ದುಃಖ ವರ್ಷಗಳಾದರೂ ಒಳಗೇ ಕಟ್ಟಿಕೊಂಡಿರುತ್ತದೆ. ತಡವಾಯಿತೆಂದುಕೊಳ್ಳದೆ, ಯಜಮಾನರು ಒಪ್ಪಿದರೆ, ನಿಮ್ಮ ಮನೆತನದ ಪದ್ಧತಿಯಂತೆ ಈ ವರ್ಷವಾದರೂ ಬಂಧುಗಳನ್ನು ಕರೆದು ಅತ್ತೆಯವರ ಹೆಸರಿನಲ್ಲಿ ಒಂದು ಕಾರ್ಯ ಮಾಡಿ. ಅವರು ಮಾತಾಡದಿದ್ದರೆ ಒತ್ತಾಯಿಸಬೇಡಿ, ಪಕ್ಕದಲ್ಲಿ ಕುಳಿತಿರಿ.

ಬರೆ ನೋಡುವುದನ್ನು ನಿಲ್ಲಿಸಬೇಡಿ, ಅದಕ್ಕೊಂದು ಹೊತ್ತು ಗೊತ್ತುಮಾಡಿ. ಸಂಜೆ ಬೆಳಕಿರುವಾಗಲೇ ಇಬ್ಬರೂ ದೂರದಿಂದ ನೋಡಿ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ. ಇವುಗಳಲ್ಲೊಂದು ಕಂಡರೂ, ಆಡಳಿತ ಸೂಚಿಸಿದರೂ, ಚರ್ಚಿಸದೆ ಹೊರಡಿ. ದಾಖಲೆಗಳ ಚೀಲ ಬಾಗಿಲ ಬಳಿಯೇ ಇರಲಿ. ಜೋರು ಮಳೆಯ ರಾತ್ರಿ ನೆರೆಮನೆಯವರು ಸರದಿಯಲ್ಲಿ ಎಚ್ಚರವಿದ್ದರೆ, ಕಾಯುವ ಹೊರೆ ಯಜಮಾನರೊಬ್ಬರ ಮೇಲೆಯೇ ಬೀಳುವುದಿಲ್ಲ.

ಮದ್ಯ ನಿದ್ರೆ ತರಿಸಿದಂತೆ ಕಂಡರೂ ನಡುರಾತ್ರಿಯ ನಂತರ ಅದನ್ನೇ ಕೆಡಿಸುತ್ತದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಸಲಹೆಯಲ್ಲೇ ಬಿಡಿಸಬೇಕು. ಮೆಡಿಕಲ್ ಶಾಪಿನಿಂದ ತಾವಾಗಿ ನಿದ್ರೆ ಮಾತ್ರೆ ತಂದು ಕೊಡಲೇಬೇಡಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಘಟನೆಯನ್ನು ಹಂತಹಂತವಾಗಿ ನೆನೆದು ಎದುರಿಸುವ ಆಪ್ತಸಮಾಲೋಚನೆ ಇದೆ, ಔಷಧಿಗಳೂ ಇವೆ. ಆದರೆ ಔಷಧಿಯ ಗುಣ ಕಾಣಲು ಕೆಲವು ವಾರ ಬೇಕು. ಆದ್ದರಿಂದ ಕಕ್ಕಡದವರೆಗೆ ಕಾಯದೆ ಮಳೆಗಾಲಕ್ಕೆ ಮುಂಚೆಯೇ ಹೋಗುವುದು ಒಳ್ಳೆಯದು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಎಂದರೆ ಅವರನ್ನು ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಂದು ವಿಷಯ ನನ್ನನ್ನು ಕಾಡುತ್ತಿದೆ. ಮನೆ ಕಳೆದುಕೊಂಡವರು, ಸೋಂಕು ಅನುಭವಿಸಿದವರು, ಯಜಮಾನರು ಎಚ್ಚರವಿದ್ದ ರಾತ್ರಿಗಳಲ್ಲಿ ನಿದ್ರೆಗೆಟ್ಟವರು ನೀವೂ ಹೌದು. ಆದರೂ ‘ಸಾಕಾಗಿದೆ’ ಎಂಬುದೊಂದನ್ನು ಬಿಟ್ಟರೆ ನಿಮ್ಮ ಬಗ್ಗೆ ಏನನ್ನೂ ಬರೆದಿಲ್ಲ. ಆಸ್ಪತ್ರೆಗೆ ಹೋದ ದಿನ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.