ಡೈರ್ ಸ್ಟ್ರೇಟ್ಸ್ ಹಾಡುಗಳು ಗೊತ್ತು, ಮಾರ್ಕ್ ನಾಫ್ಲರ್ ಸೋಲೋ ಆಲ್ಬಮ್‌ಗಳನ್ನೂ ಕೇಳಬೇಕಾ?

ಬ್ರಿಟಿಷ್ ರಾಕ್ ಬ್ಯಾಂಡ್ ಡೈರ್ ಸ್ಟ್ರೇಟ್ಸ್‌ನಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದ ನಾಫ್ಲರ್, ಆಮೇಲೆ ತಮ್ಮ ಹೆಸರಲ್ಲೇ ಮಾಡಿದ ಆಲ್ಬಮ್‌ಗಳ ಬಗ್ಗೆ ಕೇಳಿದ್ದೀರಿ. "ವಯಸ್ಸಾದ ಮೇಲೆ ಮಾಡಿದ ನಿಧಾನದ ಹಾಡುಗಳು ತಾನೇ" ಅಂತ ಬೇರೆ ಸೇರಿಸಿದ್ದೀರಿ. ಇದೇ ಮಾತನ್ನು ನಾನು 2019ರಲ್ಲಿ ಲಂಡನ್ನಿನಲ್ಲಿ ಒಬ್ಬರಿಗೆ ಹೇಳಿದ್ದೆ. ಅವರ ಹತ್ತಿರ ನಾಫ್ಲರ್ ಕಾರ್ಯಕ್ರಮದ ಟಿಕೆಟ್ ಇತ್ತು, ಬಾ ಅಂತ ಕರೆಯುತ್ತಿದ್ದರು.

ಆಗ ಕಂಪನಿ ಕೆಲಸದ ಮೇಲೆ ಅಲ್ಲಿದ್ದೆ. ನಮ್ಮ ಟೀಮಿನಲ್ಲಿ ಇಂಗ್ಲೆಂಡಿನ ಈಶಾನ್ಯದ ನ್ಯೂಕಾಸಲ್ ಕಡೆಯ ಒಬ್ಬ ಹಿರಿಯರಿದ್ದರು. ಅವರ ಹೆಂಡತಿಗೆ ಬರಲು ಆಗದೆ ಒಂದು ಟಿಕೆಟ್ ಉಳಿದಿತ್ತು. ನಾನು ಡೈರ್ ಸ್ಟ್ರೇಟ್ಸ್ ಭಕ್ತ ಅಂತ ಅವರಿಗೆ ಗೊತ್ತು. ಹಾಸ್ಟೆಲ್ಲಿನಲ್ಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದವನು ನಾನು. 2005ರಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನಕ್ಕೂ ಹೋಗಿದ್ದೆ. ಆವತ್ತು ಗೊತ್ತಿರುವ ಹಾಡು ಬಂದಾಗ ಕಿರುಚಾಟ, ಗೊತ್ತಿಲ್ಲದ್ದು ಬಂದಾಗ ಗೆಳೆಯರ ಜೊತೆ ಹರಟೆ.

ಸರಿ, ಟಿಕೆಟ್ ವಿಷಯ. "ನಾಳೆ ಹೇಳ್ತೀನಿ" ಅಂದು ಮನೆಗೆ ಬಂದೆ. ಎಡವಟ್ಟು ಮಾಡಿಕೊಂಡಿದ್ದು ಆ ರಾತ್ರಿ. ಅದೇ ಟೂರಿನಲ್ಲಿ ಬೇರೆ ಊರುಗಳಲ್ಲಿ ಯಾವ ಹಾಡು ನುಡಿಸಿದ್ದಾರೆ ಅಂತ ನೆಟ್‌ನಲ್ಲಿ ಹುಡುಕಿದೆ. ಪಟ್ಟಿ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಸೋಲೋ ಹಾಡುಗಳು. ಡೈರ್ ಸ್ಟ್ರೇಟ್ಸ್ ಅಂದರೆ ಎಲ್ಲರಿಗೂ ನೆನಪಾಗುವ 'ಸುಲ್ತಾನ್ಸ್ ಆಫ್ ಸ್ವಿಂಗ್' ಇರಲೇ ಇಲ್ಲ! ವಿದ್ಯಾರ್ಥಿ ಭವನಕ್ಕೆ ಹೋದರೆ ದೋಸೆ ಇಲ್ಲ ಅಂದ ಹಾಗಾಯಿತು ನನಗೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಹಾಕಿದೆ. ಪಕ್ಕದಲ್ಲೇ 'ಆಲ್ಕೆಮಿ' ಹಾಕಿದೆ. 1983ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ರೆಕಾರ್ಡ್ ಮಾಡಿದ ಡೈರ್ ಸ್ಟ್ರೇಟ್ಸ್ ಲೈವ್ ಆಲ್ಬಮ್ ಅದು. ಅದರಲ್ಲಿನ ಬೆರಳುಗಳ ಓಟ ನಿಮಗೂ ಗೊತ್ತಿರುತ್ತೆ. ಇದನ್ನೊಂದು ನಿಮಿಷ, ಅದನ್ನೊಂದು ನಿಮಿಷ ನೋಡುತ್ತಾ "ಎಲ್ಲಿದೆ ಆ ಸ್ಪೀಡು?" ಅಂತ ತೀರ್ಪು ಕೊಟ್ಟೆ. ಎಪ್ಪತ್ತು ಮುಟ್ಟುತ್ತಿರುವ ಮನುಷ್ಯನನ್ನು ಮೂವತ್ತಮೂರರ ಅದೇ ಮನುಷ್ಯನ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದೇನೆ ಅಂತ ಹೊಳೆಯಲೇ ಇಲ್ಲ. ಗೊತ್ತಿರುವ ಹಾಡು ಬಂದರೆ ಲಾಭ, ಗೊತ್ತಿಲ್ಲದ್ದು ಬಂದರೆ ನಷ್ಟ. ಹೀಗೆ ಲೆಕ್ಕ ಹಾಕಿದೆ. ದುಡ್ಡೂ ನನ್ನದಲ್ಲ ಅನ್ನೋದು ಬೇರೆ! ಬೆಳಗ್ಗೆ ಹೋಗಿ, ಬೇಡ ಸರ್, ಆಗಲೇ ಒಂದು ಸಲ ನೋಡಿದ್ದೀನಿ ಅಂದೆ.

ಆ ಟೂರು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಗಿಯಿತು. ಆಮೇಲೆ ಅವರು ಟೂರ್ ಹೊರಟಿಲ್ಲ.

ಕಾರ್ಯಕ್ರಮದ ಮಾರನೇ ದಿನ ಆ ಹಿರಿಯರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಮಾತಾಡಿದ್ದು ಗಿಟಾರ್ ಬಗ್ಗೆ ಅಲ್ಲವೇ ಅಲ್ಲ, ತಮ್ಮ ಅಣ್ಣನ ಬಗ್ಗೆ. ಟೂರಿನ ಮೊದಲ ಹಾಡು 'ವೈ ಐ ಮ್ಯಾನ್'. ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಕೆಲಸ ಇಲ್ಲದೆ, ಕಟ್ಟಡ ಕೆಲಸಕ್ಕೆ ಜರ್ಮನಿಗೆ ಹೋದವರ ಹಾಡು. ಇವರ ಅಣ್ಣನೂ ಹಾಗೆ ಇಟ್ಟಿಗೆ ಕಟ್ಟಲು ಹೋದವರಂತೆ. ಅಮ್ಮನಿಗೆ ಫೋನ್ ಮಾಡಲು ಭಾನುವಾರ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರಂತೆ. ಕೊನೆಯ ಹಾಡು 'ಗೋಯಿಂಗ್ ಹೋಮ್'. 1983ರ 'ಲೋಕಲ್ ಹೀರೋ' ಸಿನಿಮಾಕ್ಕೆ ನಾಫ್ಲರ್ ಮಾಡಿದ ಸಂಗೀತ. ನ್ಯೂಕಾಸಲ್ ಯುನೈಟೆಡ್ ಫುಟ್‌ಬಾಲ್ ತಂಡ ತನ್ನ ಮೈದಾನಕ್ಕೆ ಇಳಿಯುವಾಗ ಹಾಕುವುದು ಅದನ್ನೇ. ಅದು ಶುರುವಾದಾಗ ಅಕ್ಕಪಕ್ಕದ ಗಂಡಸರೆಲ್ಲ ಕಣ್ಣೊರೆಸಿಕೊಂಡರು ಅಂತ ಹೇಳಿ, ಬಿಸ್ಕತ್ತು ಅದ್ದಿಕೊಂಡು ತಿಂದು ಎದ್ದು ಹೋದರು. ಊರು ಬಿಟ್ಟು ಊರಿಗೆ ಕೆಲಸಕ್ಕೆ ಬಂದ ನನಗೆ ಆ ಮೊದಲ ಹಾಡು ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಹಾಡು ಅಂತ ನಷ್ಟದ ಕಡೆ ಬರೆದುಕೊಂಡಿದ್ದೆ.

ಆಮೇಲೆ ಹೊಟ್ಟೆಕಿಚ್ಚಿಗೆ ಕೂತು ಕೇಳಿದೆ. ಮೊದಲು ಹಿಡಿದಿದ್ದು 2015ರ 'ಟ್ರ್ಯಾಕರ್' ಆಲ್ಬಮ್ಮಿನ 'ಬೇಸಿಲ್'. ನಾಫ್ಲರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, 1949ರಲ್ಲಿ. ಬೆಳೆದಿದ್ದು ನ್ಯೂಕಾಸಲ್ ಹತ್ತಿರದ ಬ್ಲೈತ್‌ನಲ್ಲಿ. ಹುಡುಗನಾಗಿದ್ದಾಗ ನ್ಯೂಕಾಸಲ್ಲಿನ 'ಈವ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಮೇಜಿನಿಂದ ಮೇಜಿಗೆ ಕಾಗದ ಒಯ್ಯುವ ಕೆಲಸ ಮಾಡುತ್ತಿದ್ದರು. ಅದೇ ಕಚೇರಿಯಲ್ಲಿ ಬೇಸಿಲ್ ಬಂಟಿಂಗ್ ಅನ್ನೋ ಕವಿ ಹೊಟ್ಟೆಪಾಡಿಗೆ ಸಬ್‌ಎಡಿಟರ್ ಆಗಿ ಕೂತಿದ್ದರು. ವಯಸ್ಸಾದ, ಆ ಕೆಲಸ ಕಂಡರೆ ಆಗದ ಮನುಷ್ಯ. ಆ ಹುಡುಗ ಅವರನ್ನು ನೋಡಿಟ್ಟುಕೊಂಡು ಅರ್ಧ ಶತಮಾನ ಆದ ಮೇಲೆ ಹಾಡು ಮಾಡಿದ್ದಾರೆ. ಇಂಥದ್ದನ್ನು ಇಪ್ಪತ್ತೆಂಟರಲ್ಲಿ ಬರೆಯಲು ಆಗುತ್ತಾ? ಚಾನ್ಸೇ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಡೈರ್ ಸ್ಟ್ರೇಟ್ಸ್ ನಾಫ್ಲರ್ ಬೇರೆ, ಸೋಲೋ ನಾಫ್ಲರ್ ಬೇರೆ ಅಂತ ಇಬ್ಬರಿಲ್ಲ. ನಾಫ್ಲರ್ ಲೀಡ್ಸ್‌ನಲ್ಲಿ ವರದಿಗಾರರಾಗಿದ್ದವರು. ಆ ಚಾಳಿ ಬಿಡಲೇ ಇಲ್ಲ. 'ಸುಲ್ತಾನ್ಸ್' ಯಾರ ಬಗ್ಗೆ? ಪಬ್ಬಿನಲ್ಲಿ ಯಾರೂ ಕೇಳದಿದ್ದರೂ ಜಾಜ್ ನುಡಿಸುವ, ಹಗಲು ಬೇರೆ ಕೆಲಸ ಮಾಡುವ ಜನರ ಬಗ್ಗೆ. 'ಮನಿ ಫಾರ್ ನಥಿಂಗ್'? ನ್ಯೂಯಾರ್ಕಿನ ಫ್ರಿಜ್, ಟೀವಿ ಅಂಗಡಿಯ ಕೆಲಸಗಾರ ಎಂಟೀವಿ ನೋಡುತ್ತಾ ಗೊಣಗಿದ್ದನ್ನು ಅಲ್ಲೇ ನಿಂತು ಬರೆದುಕೊಂಡದ್ದು. 'ಸೇಲಿಂಗ್ ಟು ಫಿಲಡೆಲ್ಫಿಯಾ' ಅಮೆರಿಕದಲ್ಲಿ ಗಡಿ ಅಳೆಯಲು ಹೊರಟ ಮೇಸನ್, ಡಿಕ್ಸನ್ ಎಂಬ ಇಬ್ಬರು ಸರ್ವೇಯರುಗಳದು. ಎಲ್ಲವೂ ದುಡಿಯುವವರ ಕಥೆ. ಸ್ಪೀಡ್ ಕಡಿಮೆಯಾದ ಮೇಲೆ ಮಾತು ಚೆನ್ನಾಗಿ ಕೇಳಿಸುತ್ತೆ, ಅಷ್ಟೇ. ಬ್ಯಾಂಡಿನ ಸ್ಟುಡಿಯೋ ಆಲ್ಬಮ್‌ಗಳು 6, 1991ಕ್ಕೆ ಮುಗಿದವು. 1996ರಿಂದ 2024ರವರೆಗೆ ಸೋಲೋ 10. ಯಾವುದು ಬಾಲ, ಯಾವುದು ತಲೆ?

ಇನ್ನೊಂದು ವಿಷಯ ನೆನೆಸಿಕೊಂಡರೆ ಈಗಲೂ ನಾಚಿಕೆ. 2003ರಲ್ಲಿ ಲಂಡನ್ನಿನಲ್ಲಿ ಬೈಕ್ ಅಪಘಾತವಾಗಿ ಅವರ ಭುಜದ ಮೂಳೆ, ಕತ್ತಿನ ಕೆಳಗಿನ ಮೂಳೆ, ಪಕ್ಕೆಲುಬು ಎಲ್ಲ ಮುರಿದಿದ್ದವು. ತಿಂಗಳುಗಟ್ಟಲೆ ಗಿಟಾರ್ ನುಡಿಸಲು ಆಗಿರಲಿಲ್ಲ. ಸುಧಾರಿಸಿಕೊಂಡು ಮಾಡಿದ ಆಲ್ಬಮ್ 'ಶಾಂಗ್ರಿ-ಲಾ', ಅದರ ಟೂರಿನಲ್ಲೇ ಬೆಂಗಳೂರಿಗೆ ಬಂದಿದ್ದು. ಆ ಕೈ ನುಡಿಸುತ್ತಿದ್ದಾಗ ನಾವು ಹರಟೆ ಹೊಡೆಯುತ್ತಿದ್ದೆವು.

ಅಭಿಮಾನಿಗಳು ಅತಿ ಮಾಡುತ್ತಾರೆ ಅಂತಲೂ ಬರೆದಿದ್ದೀರಿ. ಹೌದು, ಮಾಡುತ್ತೇವೆ. ಮಡಗಾಸ್ಕರ್‌ನಲ್ಲಿ ಪಳೆಯುಳಿಕೆ ಅಗೆಯುತ್ತಿದ್ದ ವಿಜ್ಞಾನಿಗಳು ನಾಫ್ಲರ್ ಹಾಡು ಹಾಕಿದಾಗೆಲ್ಲ ಮೂಳೆ ಸಿಗುತ್ತೆ ಅಂತ, 2001ರಲ್ಲಿ ಒಂದು ಡೈನೋಸಾರ್‌ಗೇ ಅವರ ಹೆಸರಿಟ್ಟರು. ಮಾಸಿಯಾಕಸಾರಸ್ ನಾಫ್ಲರಿ. ನಾನು ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ.

"ಅವರ ಕಾಲ ಮುಗೀತು" ಅನ್ನೋ ಮಾತೂ ಬೇಡ. 2024ರ ಜನವರಿಯಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರು, ಆಂಪ್ಲಿಫೈಯರುಗಳನ್ನು ಹರಾಜಿಗೆ ಹಾಕಿದರು. 80 ಲಕ್ಷ ಪೌಂಡ್ ದಾಟಿತು, ಕಾಲು ಭಾಗ ದಾನಕ್ಕೆ. ಅಂಗಡಿ ಮುಚ್ಚಿದರು ಅಂದುಕೊಂಡೆವು. ಏಪ್ರಿಲ್‌ನಲ್ಲಿ 'ಒನ್ ಡೀಪ್ ರಿವರ್' ಅನ್ನೋ ಹೊಸ ಆಲ್ಬಮ್ ಬಂತು!

ಎಲ್ಲಿಂದ ಶುರು ಮಾಡೋದು? 1978ರಿಂದ ವರಸೆಯಾಗಿ ಬೇಡ. ಬೆಸ್ಟ್ ಆಫ್ ಅಂತೂ ಬೇಡವೇ ಬೇಡ, ನಾನು ಹಾಕಿದ ಲಾಭ-ನಷ್ಟದ ಲೆಕ್ಕವನ್ನೇ ಅದು ನಿಮಗೂ ಕಲಿಸುತ್ತೆ. 2000ದ 'ಸೇಲಿಂಗ್ ಟು ಫಿಲಡೆಲ್ಫಿಯಾ' ಪೂರ್ತಿ ಕೇಳಿ. ಆಮೇಲೆ 'ವೈ ಐ ಮ್ಯಾನ್' ಇರುವ 2002ರ 'ದಿ ರ್‍ಯಾಗ್‌ಪಿಕರ್ಸ್ ಡ್ರೀಮ್', ಆಮೇಲೆ 'ಟ್ರ್ಯಾಕರ್'. 'ಪ್ರೈವೆಟೀರಿಂಗ್' ಎರಡು ಡಿಸ್ಕಿನ ಉದ್ದದ್ದು, ಸುಮ್ನೆ ಈಗಲೇ ಕೈ ಹಾಕಬೇಡಿ. ಸಾಹಿತ್ಯ ಪಕ್ಕದಲ್ಲಿಟ್ಟುಕೊಂಡು ಕೇಳಿ, ಗಿಟಾರ್ ಸೋಲೋ ಎಲ್ಲಿ ಬರುತ್ತೆ ಅಂತ ಮುಂದಕ್ಕೆ ಓಡಿಸಬೇಡಿ. ಅಷ್ಟಾದ ಮೇಲೂ ಬೋರ್ ಆದರೆ ಬಿಟ್ಟುಬಿಡಿ, ನನ್ನದೇನೂ ಬಲವಂತ ಇಲ್ಲ. ಆದರೆ ಅಲ್ಲಿಯವರೆಗೆ 'ಆಲ್ಕೆಮಿ' ಮುಟ್ಟಬೇಡಿ.