ಓಲ್ಡ್ ಟ್ರಾಫರ್ಡ್ ಟಿಕೆಟ್ ಸಿಗುತ್ತಿಲ್ಲ, ಅದರ ಬದಲು ಎಫ್‌ಸಿ ಯುನೈಟೆಡ್ ಪಂದ್ಯಕ್ಕೆ ಹೋಗಬಹುದೇ?

ಓದಲು ಮ್ಯಾಂಚೆಸ್ಟರಿಗೆ ಬಂದಿದ್ದೀರಿ, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡಿನ ಟಿಕೆಟ್ ಕೈಗೆಟುಕುತ್ತಿಲ್ಲ, ಅಗ್ಗದ ಬದಲಿಯಾಗಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಆದೀತೇ, ಒಬ್ಬರೇ ಹೋಗಬಹುದೇ ಎಂದು ಕೇಳಿದ್ದೀರಿ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನದೂ ಇದೇ ಪ್ರಶ್ನೆ. ಒಬ್ಬರೇ ಧಾರಾಳವಾಗಿ ಹೋಗಿ. ಆದರೆ 'ಬದಲಿ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ಹೋದರೆ ಆಟದ ಮಟ್ಟ ನೋಡಿ ಅರ್ಧಕ್ಕೇ ಎದ್ದು ಬರುತ್ತೀರಿ. ಇದು ಇಂಗ್ಲೆಂಡಿನ ಫುಟ್ಬಾಲ್ ಏಣಿಯಲ್ಲಿ ಮೇಲಿನಿಂದ ಏಳನೇ ಮೆಟ್ಟಿಲು. ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್ಬುಗಳಿವೆ, ಅದರ ಕೆಳಗಿನದೆಲ್ಲ ನಾನ್-ಲೀಗ್. ಇಲ್ಲಿನ ಆಟಗಾರರಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು.

ಈ ಕ್ಲಬ್ ಹುಟ್ಟಿದ್ದೇ ಓಲ್ಡ್ ಟ್ರಾಫರ್ಡ್ ಬೇಡವೆಂದು ಹೊರಬಂದವರಿಂದ. 2005ರ ಮೇ ತಿಂಗಳಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡಿತು. ಕೊಳ್ಳಲು ಎತ್ತಿದ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಯ ಮೇಲೇ ಬಿತ್ತು. ಸಿಟ್ಟಿಗೆದ್ದ ಅಭಿಮಾನಿಗಳಲ್ಲಿ ಒಂದು ಗುಂಪು ಅದೇ ಬೇಸಿಗೆಯಲ್ಲಿ ತಮ್ಮದೇ ತಂಡ ಕಟ್ಟಿ ಹತ್ತನೇ ಹಂತದಿಂದ ಆಟ ಶುರು ಮಾಡಿತು. ಮೊದಲ ವರ್ಷವೇ, 2006ರ ಏಪ್ರಿಲ್‌ನಲ್ಲಿ, ಪಕ್ಕದ ಬರಿ (Bury) ಎಂಬ ಊರಿನ ಗಿಗ್ ಲೇನ್ ಬಾಡಿಗೆ ಮೈದಾನದಲ್ಲಿ ಒಂದು ಪಂದ್ಯಕ್ಕೆ 6,023 ಜನ ಸೇರಿದರು. ಸತತ ಮೂರು ವರ್ಷ ಮೇಲಿನ ಹಂತಕ್ಕೆ ಬಡ್ತಿ. 2010ರ ನವೆಂಬರ್‌ನಲ್ಲಿ, ಮೇಲಿನ ಕೆಳಗಿನ ಹಂತಗಳ ಕ್ಲಬ್ಬುಗಳು ಒಟ್ಟಿಗೆ ಆಡುವ, ಸೋತವರು ಹೊರಬೀಳುವ ಎಫ್‌ಎ ಕಪ್‌ನ ಮೊದಲ ಸುತ್ತಿನಲ್ಲಿ ಎಷ್ಟೋ ಮೆಟ್ಟಿಲು ಮೇಲಿದ್ದ ರಾಚ್‌ಡೇಲ್ ತಂಡವನ್ನು ಅದರ ಊರಲ್ಲೇ 3-2ರಿಂದ ಸೋಲಿಸಿದರು. ಸ್ವಂತ ಮೈದಾನಕ್ಕಾಗಿ ಸಮುದಾಯ ಷೇರು ಮಾರಿ ಸುಮಾರು 20 ಲಕ್ಷ ಪೌಂಡ್ ಕೂಡಿಸಿದರು. 2015ರ ಮೇನಲ್ಲಿ ಮಾಸ್ಟನ್ ಬಡಾವಣೆಯಲ್ಲಿ ಬ್ರಾಡ್‌ಹರ್ಸ್ಟ್ ಪಾರ್ಕ್ ತೆರೆದಾಗ ಆಡಲು ಬಂದದ್ದು ಪೋರ್ಚುಗಲ್ಲಿನ ಬೆನ್ಫಿಕಾ.

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘದ ಹಾಗೆ ಇಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸುತ್ತಾರೆ. ಜೆರ್ಸಿಯ ಎದೆಯ ಮೇಲೆ ಪ್ರಾಯೋಜಕರ ಹೆಸರು ಬೇಡವೆಂದು ಮೊದಲೇ ತೀರ್ಮಾನಿಸಿಕೊಂಡವರು ಇವರು. ಸೀಸನ್ ಟಿಕೆಟ್‌ಗೆ ಒಂದು ಕನಿಷ್ಠ ಮೊತ್ತ ಗೊತ್ತು ಮಾಡಿ, ಅದರ ಮೇಲೆ ನಿಮ್ಮ ಕೈಲಾದಷ್ಟು ಕೊಡಿ ಎಂದು ಕೇಳುವ ಪದ್ಧತಿ ತಂದವರೂ ಇವರೇ. ಹಾಗಾಗಿ ಟಿಕೆಟ್ ಕಡಿಮೆ ಇರುವುದು ಆಟ ಅಗ್ಗದ್ದೆಂದಲ್ಲ, ಸದಸ್ಯರು ಹಾಗೆ ತೀರ್ಮಾನಿಸಿದ್ದಾರೆಂದು.

ಈಗ ನಿಜವಾಗಿ ಶನಿವಾರವನ್ನು ಹಾಳು ಮಾಡುವ ತಪ್ಪು ಯಾವುದೆಂದು ಹೇಳುತ್ತೇನೆ. ನನಗೂ ಒಂದು ಶನಿವಾರ ಹೋಗಿದ್ದು ಅದರಿಂದಲೇ: ಬೇಸಿಗೆಯಲ್ಲಿ ಪ್ರಕಟವಾಗುವ ವೇಳಾಪಟ್ಟಿಯನ್ನು ನಂಬುವುದು. ಪ್ರೀಮಿಯರ್ ಲೀಗಿನಲ್ಲಿ ಪಂದ್ಯ ಬದಲಾಗುವುದು ಟೀವಿಯವರಿಗಾಗಿ, ಅದೂ ವಾರಗಳ ಮುಂಚೆಯೇ ತಿಳಿಯುತ್ತದೆ. ಇಲ್ಲಿ ಕಾರಣಗಳೇ ಬೇರೆ. ಎಫ್‌ಎ ಕಪ್ ಅರ್ಹತಾ ಸುತ್ತುಗಳು, ಆಮೇಲೆ ನಾನ್-ಲೀಗ್ ಕ್ಲಬ್ಬುಗಳ ಕಪ್ ಆದ ಎಫ್‌ಎ ಟ್ರೋಫಿ, ಎರಡೂ ಸಾಮಾನ್ಯವಾಗಿ ಶನಿವಾರವೇ ನಡೆಯುತ್ತವೆ. ತಂಡ ಕಪ್‌ನಲ್ಲಿ ಇನ್ನೂ ಉಳಿದಿದ್ದರೆ ಆ ದಿನದ ಲೀಗ್ ಪಂದ್ಯ ವಾರದ ನಡುವಿನ ರಾತ್ರಿಗೆ ಹೋಗುತ್ತದೆ, ಸಾಮಾನ್ಯವಾಗಿ ಮಂಗಳವಾರ 7:45ಕ್ಕೆ. ಹೊಸಬರು ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಮ್ಮ ತಂಡ ಕಪ್‌ನಿಂದ ಹೊರಬಿದ್ದಾಯಿತು, ಇನ್ನು ಶನಿವಾರ ಲೀಗ್ ಪಂದ್ಯ ಖಚಿತ ಎಂದುಕೊಳ್ಳುತ್ತಾರೆ. ಎದುರಾಳಿ ತಂಡ ಕಪ್‌ನಲ್ಲಿ ಉಳಿದಿದ್ದರೂ ಪಂದ್ಯ ಮುಂದಕ್ಕೆ ಹೋಗುತ್ತದೆ. ಅಂದರೆ ಎರಡೂ ತಂಡಗಳ ಕಪ್ ಫಲಿತಾಂಶ ನೋಡಬೇಕು. ನಿಮ್ಮ ಫೋನಿನ ಕ್ಯಾಲೆಂಡರಿಗೆ ಜುಲೈನಲ್ಲಿ ಸೇರಿಸಿಕೊಂಡ ಪಟ್ಟಿಗೆ ಇದು ಯಾವುದೂ ಗೊತ್ತಾಗುವುದಿಲ್ಲ.

ಎರಡನೆಯದು ಹವೆ. ಈ ಹಂತದ ಮೈದಾನಗಳಲ್ಲಿ ನೆಲದಡಿ ಬಿಸಿನೀರಿನ ಕೊಳವೆ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತೀರಾ ತಗ್ಗಿನಲ್ಲೇ ಸಾಗುವುದರಿಂದ ಸ್ಟ್ಯಾಂಡಿನ ನೆರಳು ಬಿದ್ದ ಮೂಲೆಯಲ್ಲಿ ಇಡೀ ದಿನ ಹಿಮ ಕರಗುವುದಿಲ್ಲ. ಉಳಿದ ಮೈದಾನವೆಲ್ಲ ಹಸಿರಾಗಿ ಮೆತ್ತಗಿದ್ದರೂ ಆ ಒಂದು ಮೂಲೆ ಕಲ್ಲಿನಂತಿದ್ದರೆ ಶೂಗಳ ಸ್ಟಡ್ ಹಿಡಿಯದೆ ಆಟಗಾರ ಜಾರುತ್ತಾನೆ. ರೆಫರಿ ಪಂದ್ಯ ರದ್ದು ಮಾಡಲು ಅಷ್ಟು ಸಾಕು. ಮಳೆಯಾದಾಗ ರೆಫರಿ ಚೆಂಡನ್ನು ಉರುಳಿಸಿ ನೋಡುತ್ತಾರೆ. ನೀರು ಚಿಮ್ಮಿ ಚೆಂಡು ಅಲ್ಲೇ ನಿಂತರೆ ಆಟವಿಲ್ಲ. ಈ ಪರೀಕ್ಷೆ ನಡೆಯುವುದು ಹೆಚ್ಚಾಗಿ ಪಂದ್ಯದ ದಿನವೇ, ಬೆಳಿಗ್ಗೆ ಅಥವಾ ಮಧ್ಯಾಹ್ನದ ಹೊತ್ತಿಗೆ. ಆದ್ದರಿಂದ ಗುರುವಾರ ಒಮ್ಮೆ, ಶನಿವಾರ ಬೆಳಿಗ್ಗೆ ಮತ್ತೊಮ್ಮೆ, ಮನೆಯಿಂದ ಹೊರಡುವ ಮುಂಚೆ ಕೊನೆಯ ಬಾರಿ ಕ್ಲಬ್ಬಿನ ಅಧಿಕೃತ ಪುಟವನ್ನೇ ನೋಡಿ. ಸ್ಕೋರ್ ತೋರಿಸುವ ಆ್ಯಪ್‌ಗಳಲ್ಲಿ ಈ ಹಂತದ ಸುದ್ದಿ ತಡವಾಗಿ ಬರುತ್ತದೆ. ಪ್ರತಿ ಬಾರಿಯೂ ಹೀಗೇ ಮಾಡಿ, ಬಿಸಿಲಿದ್ದ ದಿನವೂ. ದೂರದೂರಿನ ಪಂದ್ಯಕ್ಕೆ ಹೋಗುವುದಾದರೆ ಹಣ ವಾಪಸ್ಸಾಗದ ರೈಲು ಟಿಕೆಟ್ ತಿಂಗಳ ಮುಂಚೆ ಕೊಳ್ಳಲೇಬೇಡಿ. ನಿಜವಾಗಿ ಹಣ ಹೋಗುವುದು ಅಲ್ಲಿಯೇ.

ಫೋನಿನ ಮ್ಯಾಪ್‌ನಲ್ಲಿ ಬರೀ ಯುನೈಟೆಡ್ ಎಂದು ಹುಡುಕಬೇಡಿ, ಊರಿನ ಇನ್ನೊಂದು ತುದಿ ಸೇರುತ್ತೀರಿ. ಬ್ರಾಡ್‌ಹರ್ಸ್ಟ್ ಪಾರ್ಕ್, ಲೈಟ್‌ಬೌನ್ ರಸ್ತೆ ಎಂದೇ ಹಾಕಿ. ವಿಕ್ಟೋರಿಯಾ ನಿಲ್ದಾಣದಿಂದ ಮಾಸ್ಟನ್‌ಗೆ ರೈಲಿದೆ, ಅಲ್ಲಿಂದ ನಡೆದೇ ಹೋಗಬಹುದು. ಟ್ರಾಮ್‌ನಲ್ಲಿ ಬಂದರೆ ನಡಿಗೆ ಹೆಚ್ಚು. ಮರಳುವ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಮೂರು ಗಂಟೆಯ ಪಂದ್ಯಕ್ಕೆ ಒಂದೂವರೆಗೇ ಅಲ್ಲಿರಿ. ಸೇಂಟ್ ಮೇರೀಸ್ ರೋಡ್ ತುದಿಯ ಟೆರೇಸ್ (ನಿಂತು ಆಟ ನೋಡುವ ಮೆಟ್ಟಿಲುಗಳ ಸ್ಟ್ಯಾಂಡ್) ಕೆಳಗೆ ಪಂದ್ಯಕ್ಕೆ ಮುಂಚೆ ಹಾಡು, ಹರಟೆ, ಬಿಯರ್ ಇರುವ ಕೂಟ ನಡೆಯುತ್ತದೆ, ಅದರ ಹೆಸರು 'ಕೋರ್ಸ್ ಯೂ ಕ್ಯಾನ್ ಮಾಲ್ಕಮ್'. ಒಬ್ಬರೇ ಬಂದವರಿಗೆ ಪರಿಚಯ ಆಗುವುದು ಅಲ್ಲಿಯೇ. ಆಮೇಲೆ ಅದೇ ಟೆರೇಸಿನಲ್ಲಿ ನಿಂತು ನೋಡಿ. ಕೂರುವ ಸ್ಟ್ಯಾಂಡಿನಿಂದ ಆಟ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಮೊದಲ ಸಲ ಅಲ್ಲಿ ಕೂರಬೇಡಿ, ಹಾಡುಗಳೆಲ್ಲ ದೂರದಿಂದ ಕೇಳಿದಂತಾಗುತ್ತದೆ. ಈ ಹಂತದಲ್ಲಿ ಪ್ರವೇಶ ಸಾಮಾನ್ಯವಾಗಿ 10ರಿಂದ 15 ಪೌಂಡ್. ರಿಯಾಯಿತಿ ಯಾರಿಗಿದೆ ಎಂದು ಮೊದಲೇ ನೋಡಿ, ವಿದ್ಯಾರ್ಥಿ ಕಾರ್ಡ್ ಕಿಸೆಯಲ್ಲಿರಲಿ.

ಚಳಿ ಏರುವುದು ಪಾದದಿಂದ. ಎರಡು ಗಂಟೆ ಕಾಂಕ್ರೀಟಿನ ಮೇಲೆ ನಿಂತರೆ ತೆಳು ಅಟ್ಟೆಯ ಶೂ ಒಳಗೆ ಬೆರಳು ಮರಗಟ್ಟುತ್ತದೆ, ಜಾಕೆಟ್ ಎಷ್ಟು ದಪ್ಪವಿದ್ದರೂ ಅಷ್ಟೇ. ದಪ್ಪ ರಬ್ಬರ್ ಅಟ್ಟೆ, ಉಣ್ಣೆಯ ಕಾಲುಚೀಲ ಬೇಕು. ಎರಡು ಜೊತೆ ಕಾಲುಚೀಲ ತುರುಕಿ ಶೂ ಬಿಗಿಯಾದರೆ ರಕ್ತ ಓಡದೆ ಚಳಿ ಇನ್ನೂ ಹೆಚ್ಚುತ್ತದೆ. ಕಾಲಡಿಗೆ ಒಂದು ತುಂಡು ರಟ್ಟು ಹಾಕಿಕೊಂಡರೆ ಬಹಳ ವ್ಯತ್ಯಾಸ.

ಸಸ್ಯಾಹಾರಿಗಳಾದರೆ ಒಂದು ಎಚ್ಚರಿಕೆ. ಚಳಿಗೆ ಎಲ್ಲರೂ ಹಬೆಯಾಡುವ ಲೋಟದಲ್ಲಿ ಕುಡಿಯುವ ಬೋವ್ರಿಲ್ ಕಷಾಯದಂತೆ ಕಂಡರೂ ಅದು ದನದ ಮಾಂಸದ ಸಾರ. ಚಿಪ್ಸ್ ಮೇಲೆ ಸುರಿಯುವ ಗ್ರೇವಿಯೂ ಹೆಚ್ಚಾಗಿ ಮಾಂಸದ್ದೇ, ಚಿಪ್ಸ್ ಕರಿದ ಎಣ್ಣೆ ಯಾವುದೆಂದೂ ಕೇಳಿ. ಚೀಸ್ ಮತ್ತು ಈರುಳ್ಳಿಯ ಪೈ ಇದ್ದರೆ ವಿರಾಮಕ್ಕೆ ಮುಂಚೆಯೇ ತೆಗೆದುಕೊಳ್ಳಿ, ಬೇಗ ಖಾಲಿಯಾಗುತ್ತದೆ.

ಬಿಯರ್ ಹಿಡಿದು ಮೈದಾನ ನೋಡುತ್ತಾ ನಿಂತವರನ್ನು ಕಂಡು ಗಾಬರಿಯಾಗಬೇಡಿ. ಮೈದಾನ ಕಾಣುವ ಜಾಗದಲ್ಲಿ ಮದ್ಯ ಕುಡಿಯಬಾರದೆಂಬ 1985ರ ಕಾಯ್ದೆಯ ನಿಷೇಧ ಮೇಲಿನ ಐದು ಹಂತಗಳ ಲೀಗ್ ಪಂದ್ಯಗಳಿಗೆ ಅನ್ವಯ, ಏಳನೆಯದಕ್ಕಲ್ಲ. ಆದರೂ ಕ್ಲಬ್ಬುಗಳಿಗೆ ತಮ್ಮದೇ ನಿಯಮ ಇರಬಹುದು, ದೂರದೂರಿನ ಮೈದಾನದಲ್ಲಿ ಸ್ಟುವರ್ಡ್‌ಗಳನ್ನು ಕೇಳಿಕೊಳ್ಳಿ.

ನಾಲ್ಕೈದು ಪಂದ್ಯ ನೋಡಿದ ಮೇಲೂ ಮನಸ್ಸಿದ್ದರೆ ಸದಸ್ಯರಾಗಿ. ಸದಸ್ಯತ್ವ ಶುಲ್ಕ ವರ್ಷಕ್ಕೊಮ್ಮೆ, ಅದರೊಂದಿಗೆ ಮತದ ಹಕ್ಕೂ ಬರುತ್ತದೆ, ಸರ್ವಸದಸ್ಯರ ಸಭೆಗೆ ಹೋಗಿ ಮಾತಾಡಬಹುದು. ಪ್ರೋಗ್ರಾಂ ಪುಸ್ತಿಕೆ ಮಾರಲು, ಗೇಟಿನಲ್ಲಿ ನಿಲ್ಲಲು ಸ್ವಯಂಸೇವಕರು ಯಾವಾಗಲೂ ಬೇಕು. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಅಳುಕುವ ನಮ್ಮ ಹುಡುಗರಿಗೆ ಮ್ಯಾಂಚೆಸ್ಟರ್ ಮಾತಿನ ಧಾಟಿ ಕಿವಿಗೆ ಹತ್ತಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೋರ್ಸ್ ಮುಗಿಸಿ ಕೆಲಸಕ್ಕೆ ಲಂಡನ್ ಕಡೆ ಹೋದರೂ ಅಭಿಮಾನಿಗಳೇ ಒಡೆಯರಾದ ಕ್ಲಬ್ಬುಗಳಿಗೆ ಕೊರತೆಯಿಲ್ಲ: ಉತ್ತರಕ್ಕೆ 2001ರಲ್ಲಿ ಹುಟ್ಟಿದ ಎನ್‌ಫೀಲ್ಡ್ ಟೌನ್, ಪೂರ್ವಕ್ಕೆ ಕ್ಲಾಪ್ಟನ್ ಸಿಎಫ್‌ಸಿ. ಒಂದು ಗಂಟೆ ರೈಲು ಹಿಡಿಯುವುದಾದರೆ ಲೂಯಿಸ್ ಊರಿಗೆ ಹೋಗಿ, ಅಲ್ಲಿನ ಇಂಥದೇ ಕ್ಲಬ್ಬಿನ ಡ್ರಿಪ್ಪಿಂಗ್ ಪ್ಯಾನ್ ಮೈದಾನ ನಿಲ್ದಾಣದ ಹತ್ತಿರವೇ ಇದೆ.